ರಹಿಮತಬಿ ಹೇಳಿದ ಮಾತು

ಫೋಂಡಾದ ಮನೆಯ ಹಿತ್ತಲಲ್ಲಿ ಚಾದರ ಕಟ್ಟಿ ಶಹಾಬುದ್ದೀನನ ಮೈಗೆ ನೀರು ಹಾಕುತ್ತಿರುವಾಗಲೇ ಸುದ್ದಿ ಕೇಳಿ ಊರಿಂದ ಬಂದ ಅವನ ಅಣ್ಣ ಇಲಿಯಾಸ ಅಂಗಳದಲ್ಲಿ ನಿಂತು ಆಂಬ್ಯುಲೆನ್ಸಿನವನಿಗೆ ಫೋನು ಹಚ್ಚಿದ್ದ. ತಮ್ಮನನ್ನು ಊರಿಗೆ, ಸಿಂದಗಿಗೆ ಒಯ್ದು ತಂದೆಯ ಗೋರಿಯ ಪಕ್ಕ ಇಡಬೇಕೆಂಬುದು ಅವನ ಹಟ. ಒಳಗೆ ಕೂತ ರಹಿಮತಬಿಗೆ ಎಲ್ಲ ಕೇಳಿಸುತ್ತಿತ್ತು. ನಸುಕಿನ ನಮಾಜಿಗೆಂದು ಎದ್ದ ಗಂಡ ಎದೆ ಹಿಡಿದುಕೊಂಡು ಕೂತಲ್ಲೇ ಹೋಗಿದ್ದ. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ.

ಹತ್ತಿರದ ಕುಂಡಯಿಯಲ್ಲಿ ಪ್ಲಾಸ್ಟಿಕ್ ಪರೀಕ್ಷಿಸುವ ಲ್ಯಾಬಿನಿಂದ ಅನಿಲ ಬಂದಿದ್ದ. ಶಹಾಬುದ್ದೀನನ ಪಕ್ಕದ ಮೇಜಿನವನು. ಏನು ಹೇಳಬೇಕೆಂದು ತಿಳಿಯದೆ ಬಾಗಿಲಾಚೆಯಿಂದ ಕೆಲಸದ ಮಾತನ್ನೇ ಹೇಳಿದ.

"ಅಣ್ಣಾರು ನಿನ್ನಿ ಸಂಜಿಕ ಮಷೀನಿಗೆ ಇಟ್ಟ ಸ್ಯಾಂಪಲ್ ಮುಂಜಾನಿ ಮುಗದಿತ್ರಿ ವೈನಿ. ಚಲೋ ಬಂದೈತಿ."

ರಹಿಮತಬಿ ಹೂಂ ಎಂದಳು.

*

ಆ ಮಷೀನನ್ನು ಅವಳು ಒಮ್ಮೆ ನೋಡಿದ್ದಳು. ದಸರೆಯ ಪೂಜೆಯ ದಿನ ಮನೆಯವರನ್ನೂ ಲ್ಯಾಬಿನೊಳಗೆ ಬಿಡುತ್ತಿದ್ದರು. ಗಂಡ ದಿನವೂ ಪ್ಲಾಸ್ಟಿಕ್ ಸುಟ್ಟು ಹೊಗೆ ಕುಡಿಯುತ್ತಾನೆ ಎಂದೇ ಅವಳು ಅಲ್ಲಿಯತನಕ ತಿಳಿದಿದ್ದಳು. ಅಲ್ಲಿ ಹೊಗೆಯೂ ಇರಲಿಲ್ಲ, ಉರಿಯೂ ಇರಲಿಲ್ಲ. ಜೊತೆಗೆ ಬಂದಿದ್ದ ಮಗಳು ಪರ್ವೀನಳ ಮುರಿದ ಬಾಚಣಿಗೆಯಿಂದ ಅವನು ಎಳ್ಳಿಗಿಂತ ಸಣ್ಣ ಚೂರು ಕೊಯ್ದು, ಪುಟ್ಟ ಸ್ಟೀಲ್ ಬಟ್ಟಲಿಗೆ ಹಾಕಿ, ಪೈರೊಲೈಸರ್ ಎಂಬ ಆ ಮಷೀನಿನ ಕುಲುಮೆಗೆ ಇಳಿಸಿದ. ತುಸು ಹೊತ್ತಿಗೆ ಕಂಪ್ಯೂಟರಿನಲ್ಲಿ ಗೆರೆಗಳು ಗುಡ್ಡಗಳಂತೆ ಏಳತೊಡಗಿದವು.

"ಸುಡೂದಲ್ಲ ಇದು," ಎಂದ. "ಒಳಗ ಗಾಳಿನ ಇಲ್ಲ. ಬರೇ ಕಾಸೂದು. ಕಾದ್ರ ಒಡೀತೈತಿ, ಒಡದ್ರ ಯಾವ ಪ್ಲಾಸ್ಟಿಕ್ ಅಂತ ತಿಳೀತೈತಿ."

"ಎಲ್ಲಿಂದ ಬಂತು ಅನ್ನೂದು?" ರಹಿಮತಬಿ ಕೇಳಿದಳು.

"ಅದು ತಿಳಿಯೂದಿಲ್ಲ."

ಮನೆಯಲ್ಲಿ ಬಾಯಿ ಬಿಡದವನು ಅಂದು ಮಧ್ಯಾಹ್ನವಿಡೀ ಮಾತಾಡಿದ. ಮರಳುವಾಗ ಬಸ್ಸಿನಲ್ಲಿ ಅವಳ ಹೆಗಲಿಗೆ ತಲೆಯಿಟ್ಟು ನಿದ್ದೆಹೋದ. ಸಾವಿನ ಮಾತು ಅವನ ಬಾಯಲ್ಲಿ ಅಂದೂ ಬರಲಿಲ್ಲ, ಮುಂದೆ ಎಂದೂ ಬರಲಿಲ್ಲ.

*

ಕಫನ್ ಕಟ್ಟಿಯಾಗಿತ್ತು. ಗಾಡಿ ಹೊರಟಿದೆ, ಇನ್ನೇನು ಬಂದೀತು ಎಂದು ಇಲಿಯಾಸ ಬಾಗಿಲಿಗೆ ಬಂದು ಹೇಳಿದ. ರಹಿಮತಬಿ ಎದ್ದು ಪರದೆಯ ಹಿಂದೆ ನಿಂತಳು.

"ಒಯ್ಯಬ್ಯಾಡ್ರಿ ಭಾವಾರ. ಇಲ್ಲೇ ಫೋಂಡಾದಾಗ ಇಡ್ರಿ ಅಂತ ನನಗ ಹೇಳ್ಯಾರ."

"ಯಾವಾಗ ಹೇಳಿದ?"

"ದಸರಾದ ದಿನ. ಬಸ್ಸಿನ್ಯಾಗ."

ಪರ್ವೀನ ತಾಯಿಯ ಮುಖ ನೋಡಿದಳು. ಆ ದಿನ ಅದೇ ಸೀಟಿನಲ್ಲಿ, ಕಿಟಕಿಯ ಕಡೆಗೆ, ಅವಳೂ ಕೂತಿದ್ದಳು.

ಇಲಿಯಾಸ ಅವಳನ್ನು ಕೇಳಿದ. "ಖರೇ ಏನವಾ?"

ತಾಯಿ ಮಗಳತ್ತ ತಿರುಗಲಿಲ್ಲ. ಪರದೆಯನ್ನು ಹಿಡಿದ ಅವಳ ಬೆರಳುಗಳು ಮಾತ್ರ ಬಿಗಿಯಾದವು.

"ಹೌದ್ರಿ ದೊಡ್ಡಪ್ಪ," ಎಂದಳು ಪರ್ವೀನ.

ಇಲಿಯಾಸ ಅಂಗಳಕ್ಕೆ ಇಳಿದ. ಆಮೇಲೆ ಫೋನು ಹಚ್ಚಿ, ಗಾಡಿ ಬೇಡವೆಂದ. ಜನಾಜಾ ಎತ್ತುವಾಗ ಮುಂದಿನ ಹೆಗಲು ಅವನದೇ ಆಗಿತ್ತು.

ಗಂಡಸರು ಮರಳಿದಾಗ ಬಿಸಿಲು ಇಳಿದಿತ್ತು. ಇಲಿಯಾಸ ಒಳಗೆ ಬರದೆ ಅಂಗಳದ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕೈ ಮುಂದೆ ಮಾಡಿದ. ಪರ್ವೀನ ತಂಬಿಗೆಯಿಂದ ನೀರು ಬಿಟ್ಟಳು. ಊರಿನ ಕರಿ ಎರೆನೆಲದಲ್ಲಿ ದುಡಿದ ಆ ಕೈಗಳಿಂದ ಇಲ್ಲಿಯ ಮಣ್ಣಿನ ಕೆಂಪು ನೀರು ಹರಿಯಿತು. ರಹಿಮತಬಿ ಪರದೆಯ ಸಂದಿಯಿಂದ ನೋಡುತ್ತಿದ್ದಳು. ತಂಬಿಗೆ ಬರಿದಾಯಿತು, ಅವನು ಕೈ ಚಾಚಿಕೊಂಡೇ ಇದ್ದ.