ಇಲ್ಲದ ಮೆಟ್ಟಿಲು

ಮೇಣ ಇನ್ನೂ ಬಿಸಿ, ಚಾಕು ಮುಟ್ಟಿದರೆ ಜಾರುತ್ತದೆ, ಈ ಹಲ್ಲು ಸ್ವಲ್ಪ ಎಡಕ್ಕೆ ವಾಲಿದೆ, ವಾಲಲಿ, ಆರುವವರೆಗೆ ಮುಟ್ಟಬಾರದು — ಒಂದು ಕಿವಿಯಲ್ಲಿ ತಮ್ಮ ಹಾಡುತ್ತಿದ್ದಾನೆ, ಇನ್ನೊಂದು ಕಿವಿ ಲ್ಯಾಬಿನ ಯಜಮಾನರಿಗೆ, ಕರೆದರೆ ಕೇಳಬೇಕಲ್ಲ, ಕಟ್ಟುಹಲ್ಲು ಮಾಡುವವಳು ಕೆಲಸದ ಹೊತ್ತಿನಲ್ಲಿ ಮೆಟಲ್ ಸಂಗೀತ ಕೇಳುತ್ತಾಳೆ ಎಂದು ನಗುತ್ತಾರೆ, ನಗಲಿ, ಸತ್ತವನ ದನಿ ಕೇಳುವುದಕ್ಕೆ ಯಾರು ರಜೆ ಕೊಡುತ್ತಾರೆ. ಸಂಜೆಯೊಳಗೆ ಹೇಳಿಬಿಡಿ ಅಕ್ಕಾ, ನಾಳೆ ಆಲ್ಬಂ ಹೊರಗೆ ಬರುತ್ತೆ, ನೀವು ಸರಿ ಅಂದ್ರೆ ಸರಿ, ಎಂದಿದ್ದ ಬೆಳಿಗ್ಗೆ ಕುಳ್ಳ, ತಮ್ಮನ ತಂಡದಲ್ಲಿ ಡ್ರಮ್ ಬಾರಿಸುವವನು, ಬಾಗಿಲಿಗೆ ತಲೆ ತಾಗುವಷ್ಟು ಉದ್ದ ಇರುವುದಕ್ಕೇ ತಮ್ಮ ಅವನಿಗೆ ಆ ಹೆಸರಿಟ್ಟದ್ದು. ಕೊನೇ ಹಾಡಲ್ಲಿ ಒಂದು ಪೆಟ್ಟು ಬಿಟ್ಟುಹೋಗಿತ್ತು, ಪಾಪ, ಆಸ್ಪತ್ರೆಗೆ ಸೇರೋ ಅವಸರದಲ್ಲಿ ಎಲ್ಲಾ ವಾದ್ಯಾನೂ ಅವನೊಬ್ಬನೇ ರೆಕಾರ್ಡ್ ಮಾಡಿದ್ದಲ್ವಾ, ನಾನು ತುಂಬಿಸಿದ್ದೀನಿ, ಗೊತ್ತೇ ಆಗಲ್ಲ ನೋಡಿ. ಗೊತ್ತಾಗದ ಹಾಗೆ ತುಂಬುವುದೇ ನನ್ನ ಕಸುಬು, ನನಗೇ ಹೇಳುತ್ತಾನೆ.

ಮೊದಮೊದಲು ಇದೆಲ್ಲ ತಗಡಿನ ಮೇಲೆ ಜಲ್ಲಿಕಲ್ಲು ಸುರಿದ ಹಾಗೆ ಕೇಳುತ್ತಿತ್ತು, ತಾಳ ಎಣಿಸಹೋದರೆ ಲೆಕ್ಕ ತಪ್ಪುತ್ತಿತ್ತು, ಏಳು ಏಳಾಗಿ ಬರುತ್ತಿದೆ ಎನ್ನುವಾಗ ಐದಕ್ಕೇ ತಿರುಗಿಬಿಡುತ್ತಿತ್ತು, ಇದೇನೋ ಕುಂಟುತ್ತೆ ಎಂದರೆ, ಅಕ್ಕಾ, ಪ್ರೋಗ್ರೆಸಿವ್ ಮೆಟಲ್ ಅಂದ್ರೆ ಹಾಗೇ, ಎಣಿಸಬೇಡ, ಇಳಿ, ಎನ್ನುತ್ತಿದ್ದ ತಮ್ಮ. ಇಳಿ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ, ಅವನು ಹೋದ ಮೇಲೆ ಈಗ ತಿಳಿಯುತ್ತಿದೆ — ಇಡೀ ಆಲ್ಬಂ ನಾವು ಬೆಳೆದ ಆ ಕಟ್ಟಡ, ಮೊದಲ ಹಾಡು ತಾರಸಿ, ಬಟ್ಟೆ ಒಣಹಾಕುವ ತಂತಿಯ ಹಾಗೆ ಒಂಟಿ ಗಿಟಾರ್, ಆಮೇಲೆ ಒಂದೊಂದು ಹಾಡಿಗೂ ಒಂದೊಂದು ಮಹಡಿ ಕೆಳಗೆ, ನಡುವಿನ ಹಾಡಿನಲ್ಲಿ ಮಾತ್ರ ಗಂಟಲು ಹರಿಯುವ ಆ ಅಬ್ಬರ, ಹಂದಿಯ ಗುಟುರು ಎಂದು ಎಲ್ಲರೂ ನಗುತ್ತಿದ್ದ ದನಿ, ಅದು ನಮ್ಮ ಮಹಡಿ, ಅದು ಅಪ್ಪ. ಅದರ ಅಡಿಯಲ್ಲಿ ಕಿವಿಗೊಟ್ಟರೆ ಮೆಲ್ಲನೆಯ ಇನ್ನೊಂದು ದನಿ, ಒಂದೇ ಸ್ವರ ಹಿಡಿದು ಬಿಡದೆ ನಿಂತಿದೆ, ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಅಮ್ಮ, ಕೆಳಗೆ ಹೋಗಿ ಆಡ್ಕೊಳ್ಳಿ ಮಕ್ಕಳೇ, ನಾನು ಕರೆದಾಗ ಬನ್ನಿ. ಪದಗಳಲ್ಲಿ ಎಲ್ಲೂ ಅಪ್ಪನಿಲ್ಲ, ಅಮ್ಮನಿಲ್ಲ, ಬರೀ ಕಂಬಿ, ಬಾಗಿಲು, ಮೆಟ್ಟಿಲು, ಯಾರನ್ನೂ ಬೈಯಲಿಲ್ಲ ನನ್ನ ತಮ್ಮ, ಎಷ್ಟು ಚೆನ್ನಾಗಿ ಕಟ್ಟಿದ್ದೀಯಲ್ಲೋ ಕಳ್ಳ, ಒಂದು ಮಾತು ಹೇಳಬಾರದಿತ್ತಾ.

ಬಂತು ಕೊನೆಯ ಹಾಡು, ಡ್ರಮ್ ದಡದಡ ಇಳಿಯುತ್ತಿದೆ, ಬೆನ್ನಿಗೇ ಗಿಟಾರ್, ನನ್ನ ಚಪ್ಪಲಿ, ಅವನ ಬರಿಗಾಲು, ಮೇಲೆ ಪಾತ್ರೆ ಬಿದ್ದ ಸದ್ದು, ಹಿಂದೆ ನೋಡ್ಬೇಡ ಕಣೋ, ಕೊನೆಯ ತಿರುವು, ಈಗ — ಒಂದು ಪೆಟ್ಟು, ಎಡವಿದೆ. ಕೂತಲ್ಲೇ ಎಡವಿದೆ, ಚಾಕು ಮೇಣಕ್ಕೆ ಹೊಕ್ಕು ಹಲ್ಲು ಕಿತ್ತು ಬಂದಿದೆ. ಏನಮ್ಮಾ ಅದು, ಎಂದರು ಯಜಮಾನರು, ಏನಿಲ್ಲ ಸಾರ್. ತಮ್ಮನೇ ಕಳಿಸಿದ್ದು ಮೊಬೈಲಿನಲ್ಲಿದೆ, ಕುಳ್ಳ ಕೈಯಿಡುವ ಮುಂಚಿನದು, ಅದನ್ನು ಹಾಕುತ್ತೇನೆ, ದಡದಡ, ಕೊನೆಯ ತಿರುವು, ಈಗ — ಏನೂ ಇಲ್ಲ, ಒಂದು ಪೆಟ್ಟಿನಷ್ಟು ಹೊತ್ತು ಏನೇನೂ ಇಲ್ಲ, ಆಮೇಲೆ ಎಲ್ಲ ವಾದ್ಯಗಳೂ ಒಟ್ಟಿಗೆ ಧೊಪ್ಪನೆ ನೆಲಕ್ಕೆ. ಮುರಿದ ಮೆಟ್ಟಿಲು. ಯಾವ ಕಾಲದಲ್ಲಿ ಮುರಿದಿತ್ತೋ, ಯಾರೂ ಸರಿಮಾಡಿಸಿರಲಿಲ್ಲ, ನಾನು ಮೊದಲು ಹಾರಿ, ತಿರುಗಿ, ಕೈ ಚಾಚುತ್ತಿದ್ದೆ, ಹಾರೋ, ನಾನಿದ್ದೀನಿ, ಅವನು ಕಣ್ಣು ಮುಚ್ಚಿ — ಗಾಳಿಯಲ್ಲಿ ಎರಡು ಪುಟ್ಟ ಕಾಲು — ಧೊಪ್ಪನೆ ನನ್ನ ಎದೆಗೆ. ಬಿಟ್ಟುಹೋದದ್ದಲ್ಲ ಅದು, ಹಾರಿದ್ದು.

ಫೋನು, ಕುಳ್ಳ, ಹೇಗಿದೆ ಅಕ್ಕಾ, ದನಿಯಲ್ಲೇ ಆಸೆ, ಗೆಳೆಯನ ತಪ್ಪು ಮುಚ್ಚಲು ದಿನಗಟ್ಟಲೆ ಕೂತಿದ್ದಾನೆ, ಅವನಿಗೂ ಇನ್ನೇನಿದೆ ಮಾಡುವುದಕ್ಕೆ. ಆ ಪೆಟ್ಟು ತೆಗೆದುಬಿಡು ಕಣೋ, ಅಲ್ಲಿ ಮೆಟ್ಟಿಲಿಲ್ಲ. ಬೇಕಂತಲೇ ಬಿಟ್ಟಿದ್ನಾ ಅಕ್ಕಾ. ಹೂಂ, ಬೇಕಂತಲೇ. ಮೂಗು ಒರೆಸಿಕೊಂಡದ್ದು ಕೇಳಿಸಿತು, ತೆಗೀತೀನಿ ಎಂದ. ಕೊನೆಯ ದಿನ, ಆಸ್ಪತ್ರೆಯ ಹೊದಿಕೆ ಗಿಡ್ಡ, ತಮ್ಮನ ಪಾದ ಎರಡೂ ಹೊರಗೆ, ತಣ್ಣಗೆ, ಅಕ್ಕಾ ಇದ್ದೀಯಾ, ಇದ್ದೀನಿ ಕಣೋ, ಇಲ್ಲೇ ಇದ್ದೀನಿ, ಇದ್ದೆನಲ್ಲ, ಕೈ ಹಿಡಿದೇ ಕೂತಿದ್ದೆನಲ್ಲ — ಇನ್ನೊಂದು ಸಲ ಹಾಕುತ್ತೇನೆ, ದಡದಡ, ಕೊನೆಯ ತಿರುವು, ಹಾರೋ, ನಾನಿದ್ದೀನಿ, ಈಗ, ಇಲ್ಲೇ, ಬೆರಳೊತ್ತಿ ಹಾಡು ನಿಲ್ಲಿಸುತ್ತೇನೆ, ಇನ್ನು ಬೀಳಬೇಡ, ಮೇಣ ಮೆತ್ತಿದ ಕೈ ಚಾಚಿಕೊಂಡೇ ಇದ್ದೇನೆ — ಗಾಳಿಯಲ್ಲಿ ಎರಡು ಪುಟ್ಟ ಕಾಲು, ಗಾಳಿಯಲ್ಲಿ ಎರಡು ಕಾಲು