ಗೋಪುರದ ಗಡಿಯಾರದ ಪುಟಕ್ಕೆ ಬಿದ್ದ ಬೀಗ

ಆ ಭಾನುವಾರ ಸೂಜಿಯಕ್ಕ ಐದು ಗಂಟೆಗೇ ಎದ್ದಳು. ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡೇ ದೇವರ ಮುಂದೆ ಕಣ್ಣು ಮುಚ್ಚಿ ನಿಂತಳು. ಅವಳು ದೇವರನ್ನು ದಿನಾ ಏನಾದರೂ ಕೇಳುವ ಪೈಕಿಯವಳಲ್ಲ. ಕೊಟ್ಟದ್ದಕ್ಕೆ ಕೈಮುಗಿದು ಕೆಲಸಕ್ಕೆ ಕೂರುವವಳು. ಅವತ್ತು ಮಾತ್ರ ಕೇಳಿದಳು. “ಮೂರು ಗಂಟೆಯೊಳಗೆ ಎಲ್ಲಾ ಪುಟಗಳನ್ನೂ ದಾಟಿಸಿಬಿಡಪ್ಪ. ಒಂದೂ ಹಿಂದೆ ಉಳೀಬಾರದು, ಒಬ್ಬರೂ ಹಿಂದೆ ಉಳೀಬಾರದು.”

ಹೊಲಿಗೆ ಯಂತ್ರ ರಿಪೇರಿ ಮಾಡುವವಳಾದ್ದರಿಂದ ಅವಳಿಗೆ ಆ ಹೆಸರು. ಹದಿನಾರು ವರ್ಷದ ಹಿಂದೆ ಅವಳೂ ಇನ್ನು ನಾಲ್ಕು ಜನರೂ ಸೇರಿ ಅಂತರ್ಜಾಲದಲ್ಲಿ ಒಂದು ವಿಕಿ ಶುರುಮಾಡಿದ್ದರು. ಗಡಿಯಾರ, ಪಂಪು, ರೇಡಿಯೋ, ಛತ್ರಿ, ಕನ್ನಡಕ, ಹೀಗೆ ಕೆಟ್ಟದ್ದನ್ನು ಸರಿಮಾಡುವ ಬಗೆಯನ್ನು ಬಲ್ಲವರು ಅಲ್ಲಿ ಬರೆಯುತ್ತಿದ್ದರು. ಬೇಕಾದವರು ಓದುತ್ತಿದ್ದರು. ತಪ್ಪು ಕಂಡವರು ತಿದ್ದುತ್ತಿದ್ದರು. ಈಗ ಅದರಲ್ಲಿ ಎರಡು ಸಾವಿರದ ಮುನ್ನೂರ ಹದಿನೇಳು ಪುಟಗಳಿದ್ದವು. ಅದನ್ನು ನಡೆಸುವ ತಂತ್ರಾಂಶವೂ ಅವರೇ ಬರೆದದ್ದು. ಅದರ ಒಳಗಿನ ಒಂದೊಂದು ಸಾಲನ್ನೂ ಎಲ್ಲರ ಕಣ್ಣೆದುರಿಗೆ ಬಿಚ್ಚಿಟ್ಟಿದ್ದರು. ಯಾರು ಬೇಕಾದರೂ ನೋಡಬಹುದಿತ್ತು, ಉತ್ತಮಪಡಿಸಬಹುದಿತ್ತು. ಮನಸ್ಸು ಮುರಿದರೆ ಎಲ್ಲವನ್ನೂ ನಕಲು ಮಾಡಿಕೊಂಡು ಹೋಗಿ ಬೇರೆ ಒಲೆ ಹೂಡಲೂಬಹುದಿತ್ತು. ಸೂಜಿಯಕ್ಕನಿಗೆ ಇದ್ದ ಭಯ ಆ ಕೊನೆಯದರದ್ದು.

ಅವತ್ತು ಆ ತಂತ್ರಾಂಶದ ನಾಲ್ಕನೇ ಆವೃತ್ತಿಯಿಂದ ಐದನೆಯದಕ್ಕೆ ಹೋಗುವ ದಿನ. ನಾಲ್ಕನೆಯದು ಹಳತಾಗಿತ್ತು, ಅದಕ್ಕೆ ತೇಪೆ ಹಾಕುವವರು ಯಾರೂ ಉಳಿದಿರಲಿಲ್ಲ. ಹಿಂದಿನ ತಿಂಗಳು ಎರಡು ಸಲ ಯಾರೋ ಕಳ್ಳರು ನುಗ್ಗಿ ಪುಟಗಳ ತುಂಬ ಸುಳ್ಳು ಜಾಹೀರಾತು ತುರುಕಿ ಹೋಗಿದ್ದರು. ಐದನೆಯದನ್ನು ಬರೆದು ಮುಗಿಸಲು ಎರಡು ವರ್ಷ ಹಿಡಿದಿತ್ತು. ಪುಟಗಳನ್ನು ದಾಟಿಸಲು ಬೇಕಾದ ದೊಡ್ಡ ಕಂಪ್ಯೂಟರನ್ನು ಒಂದು ಗ್ರಂಥಾಲಯದವರು ಮಧ್ಯಾಹ್ನ ಮೂರು ಗಂಟೆಯವರೆಗೆ ಮಾತ್ರ ಬಿಟ್ಟುಕೊಟ್ಟಿದ್ದರು. ಅಷ್ಟರೊಳಗೆ ಮುಗಿಯದಿದ್ದರೆ ಎಲ್ಲವನ್ನೂ ಮತ್ತೆ ನಾಲ್ಕನೆಯದಕ್ಕೇ ವಾಪಸು ತರಬೇಕು. ಇನ್ನೊಂದು ಅವಕಾಶ ಯಾವಾಗಲೋ, ದೇವರೇ ಬಲ್ಲ.

ಹತ್ತು ಗಂಟೆಗೆ ವಿಕಿಯ ನೆತ್ತಿಯ ಮೇಲೆ ಹಳದಿ ಪಟ್ಟಿಯೊಂದು ಮೂಡಿತು. “ಮನೆ ಬದಲಾಯಿಸುತ್ತಿದ್ದೇವೆ. ಮೂರು ಗಂಟೆಯವರೆಗೆ ಯಾರೂ ಹೊಸದಾಗಿ ಬರೆಯಲು ಕೂರಬೇಡಿ.” ಎಲ್ಲೆಲ್ಲಿಂದಲೋ ರಿಪೇರಿಗಾರರು ಶುಭ ಹಾರೈಸಿದರು. ಛತ್ರಿಯವನೊಬ್ಬ, “ಪುಟ ನೆನೀದ ಹಾಗೆ ನೋಡ್ಕೊಳ್ಳಿ, ಬೇಕಾದ್ರೆ ಛತ್ರಿ ಕಳಿಸ್ತೀನಿ” ಎಂದು ಬರೆದಿದ್ದ.

ಮುಂದಿನ ಕೋಣೆಯಲ್ಲಿ ಬಿಚ್ಚಿಟ್ಟ ಹೊಲಿಗೆ ಯಂತ್ರಗಳನ್ನು ಗೋಡೆಗೆ ಸರಿಸಿ ಮೇಜು ಹಾಕಿದ್ದರು. ಪರದೆಯ ಮುಂದೆ ಸೂಜಿಯಕ್ಕ, ಪಕ್ಕದಲ್ಲಿ ಕನ್ನಡಕದ ಅಂಗಡಿಯ ಮೈದುನ. ಕಿಟಕಿಯ ಹತ್ತಿರ ಅಮ್ಮ ಜಪದ ಮಣಿ ಎಣಿಸುತ್ತ ಕೂತಿದ್ದರು. ಪರದೆಯ ಮೇಲೆ ಸಂಖ್ಯೆ ಏರುತ್ತಿತ್ತು. ಐನೂರು ದಾಟಿತು, ಸಾವಿರ ದಾಟಿತು. ಮೈದುನನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಅತ್ತಿಗೆ, ಸಾವಿರದ ಐನೂರು! ರೇಡಿಯೋ ಪುಟಗಳೆಲ್ಲ ಹೋದವು!”

“ಕೂತ್ಕೊಳ್ಳೋ. ನೀನು ಕುಣಿದರೆ ಅದೇನು ಬೇಗ ಹೋಗಲ್ಲ.”

“ನೀವ್ಯಾಕೆ ಮೇಜು ಕುಟ್ತಾ ಕೂತಿದ್ದೀರಿ ಹಾಗಾದ್ರೆ?”

“ಕಾಫಿ ಜಾಸ್ತಿ ಆಯ್ತು” ಎಂದಳು. ಬೆಳಗಿನಿಂದ ಅವಳು ನೀರು ಬಿಟ್ಟು ಬೇರೇನೂ ಕುಡಿದಿರಲಿಲ್ಲ.

ಹನ್ನೆರಡೂವರೆಗೆ ಸಂಖ್ಯೆ ಎರಡು ಸಾವಿರದ ಮುನ್ನೂರ ಹದಿನಾರಕ್ಕೆ ಬಂತು. ಬಂದು ನಿಂತಿತು. ಐದು ನಿಮಿಷ ಕಾದರು, ಹತ್ತು ನಿಮಿಷ ಕಾದರು. ಕದಲಲಿಲ್ಲ.

ಉಳಿದ ಒಂದು ಪುಟದ ಹೆಸರು ಗೋಪುರದ ಗಡಿಯಾರ. ಅದರ ಮುಂದೆ ಪುಟ್ಟ ಬೀಗದ ಚಿತ್ರ, ಬೀಗದ ಪಕ್ಕದಲ್ಲಿ ಒಂದು ಸಾಲು: “ಗಡಿಯಾರದಣ್ಣ ಬರೆಯುತ್ತಿದ್ದಾರೆ. ದಯವಿಟ್ಟು ಕಾಯಿರಿ.”

ಸೂಜಿಯಕ್ಕ ಹಣೆ ಒತ್ತಿಕೊಂಡಳು. ಆ ಬೀಗ ಮಾಡಿದವಳು ಅವಳೇ.

ಹನ್ನೊಂದು ವರ್ಷದ ಹಿಂದಿನ ಮಾತು. ಗಡಿಯಾರದಣ್ಣ ಮತ್ತು ಅವನ ತಮ್ಮ, ಇಬ್ಬರೂ ಗಡಿಯಾರ ರಿಪೇರಿಯವರೇ, ಕೂಡಿ ಆ ಪುಟ ಬರೆದರು. ಕೊನೆಯ ಸಾಲಿಗೆ ಬಂದಾಗ ಜಗಳ ಹತ್ತಿತು. ಗೋಪುರದ ಗಡಿಯಾರದ ಕೀಲಿಗೆ ವರ್ಷಕ್ಕೆ ಒಂದು ಹನಿ ಎಣ್ಣೆ ಎಂದು ಅಣ್ಣ ಬರೆದ. ತಮ್ಮ ಅಳಿಸಿ ಎರಡು ಹನಿ ಎಂದ. ಅಣ್ಣ ಒಂದು, ತಮ್ಮ ಎರಡು, ಒಂದೇ ದಿನದಲ್ಲಿ ನಲವತ್ತೊಂದು ಸಲ. ಸಂಜೆಯ ಹೊತ್ತಿಗೆ ಮಾತು ಎಣ್ಣೆಯನ್ನು ಬಿಟ್ಟು ಅಪ್ಪನ ಮೇಲೆ ಹೋಯಿತು, ಅಪ್ಪನಿಂದ ಹೆಂಡತಿಯರ ಮೇಲೆ ಹೋಯಿತು. ತಮ್ಮ ಅಂಗಡಿ ಎತ್ತಿಕೊಂಡು ದೂರದ ಊರಿಗೆ ಹೋದ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ ಕತೆಯಿಲ್ಲ.

ಆ ವಾರವೇ ಸೂಜಿಯಕ್ಕ ಕೂತು ಬೀಗ ಬರೆದಳು. ಒಬ್ಬರು ಪುಟ ತೆರೆದರೆ, ಅವರು ಬಿಟ್ಟು ಎದ್ದುಹೋಗುವ ತನಕ ಇನ್ನೊಬ್ಬರು ಮುಟ್ಟುವಂತಿಲ್ಲ. ಜಗಳದ ಸಾಲಿನಿಂದ ಸಂಖ್ಯೆಯನ್ನು ಕಿತ್ತುಹಾಕಿ “ಎಣ್ಣೆ ಹಾಕಬೇಕು” ಎಂದಷ್ಟೇ ಉಳಿಸಿದಳು. ಕ್ರಮೇಣ ಆ ಬೀಗಕ್ಕೆ ಒಂದು ಮರ್ಯಾದೆ ಬಂತು. ಒಬ್ಬರ ಬೀಗವನ್ನು ಇನ್ನೊಬ್ಬರು ಒಡೆಯಬಾರದು ಎಂಬುದು ವಿಕಿಯ ಮೊದಲ ನೇಮವಾಯಿತು. ಪುಟ ದಾಟಿಸುವ ತಂತ್ರಾಂಶಕ್ಕೂ ಅವಳು ಅದನ್ನೇ ಕಲಿಸಿದ್ದಳು: ಬೀಗ ಕಂಡರೆ ನಿಲ್ಲು, ಕಾಯಿ.

“ಒಡೆದುಬಿಡಿ ಅತ್ತಿಗೆ. ನಿಮ್ಮ ಹತ್ರ ಅಧಿಕಾರ ಇದೆ. ಒಂದು ಗುಂಡಿ ಒತ್ತೋದು, ಅಷ್ಟೇ.”

“ಅಷ್ಟೇ ಅಲ್ಲ. ಐದನೇದರಲ್ಲಿ ಬೀಗ ಇರಲ್ಲ ಅಂತ ಗೊತ್ತಾದಾಗ ಹಳೇ ಮಂದಿ ಏನು ಹೇಳಿದ್ರು? ಬಲವಂತ ಮಾಡಿದ್ರೆ ನಮ್ಮ ಪಾಡಿಗೆ ನಾವು ಹೋಗ್ತೀವಿ ಅಂದ್ರು. ದಾಟೋ ದಿನವೇ ಬೀಗ ಒಡೆದರೆ ಅರ್ಧ ಮನೆ ಖಾಲಿ.”

“ಆ ಮನುಷ್ಯ ಬೇಕಂತಲೇ ಪಟ್ಟು ಹಿಡಿದು ಕೂತಿದ್ದಾನೆ. ಫೋನೂ ಎತ್ತಲ್ಲ.”

ಅಮ್ಮ ಮಣಿ ನಿಲ್ಲಿಸಿದರು. “ಅವನ ಅಂಗಡಿ ಎಷ್ಟು ದೂರ?”

“ಎರಡು ಬೀದಿ.”

“ಎರಡು ಬೀದಿ ಆಚೆ ಇರೋನನ್ನ ಈ ಪೆಟ್ಟಿಗೆಯೊಳಗೆ ಹುಡುಕ್ತಾ ಕೂತಿದ್ದೀರಲ್ಲ! ಹೋಗು ಮಗಳೇ. ಮುಖ ನೋಡಿ ಕೇಳು.”

ಸೂಜಿಯಕ್ಕ ಚಪ್ಪಲಿ ಮೆಟ್ಟಿ ಹೊರಟಳು. ಭಾನುವಾರದ ಬೀದಿ ಆಕಳಿಸುತ್ತಿತ್ತು. ಮುಚ್ಚಿದ ಬಾಗಿಲುಗಳ ಮುಂದೆ ಸೈಕಲ್ಲುಗಳು, ಮೊದಲ ಮಹಡಿಯಿಂದ ತೊಟ್ಟಿಕ್ಕುವ ಬಟ್ಟೆಗಳು, ಮೂಲೆಯ ಕ್ಷೌರಿಕನ ಅಂಗಡಿಯಲ್ಲಿ ನೊರೆ ಮೆತ್ತಿದ ಒಂದು ಗಲ್ಲ. ಮನಸ್ಸಿನಲ್ಲಿ ದೇವರ ಹೆಸರು ಹೇಳಿಕೊಳ್ಳುತ್ತಲೇ ಅರ್ಧ ನಡೆದಳು, ಅರ್ಧ ಓಡಿದಳು.

ಗಡಿಯಾರದಣ್ಣನ ಅಂಗಡಿಯ ಕದ ಓರೆಯಾಗಿತ್ತು. ಒಳಗೆ ಗೋಡೆಯ ತುಂಬ ಗಡಿಯಾರಗಳು, ಒಂದೊಂದೂ ತನ್ನದೇ ಲೆಕ್ಕ ಹಿಡಿದು ಟಿಕ್‌ಟಿಕ್ ಎನ್ನುತ್ತಿದ್ದವು. ಅವನು ಭೂತಗನ್ನಡಿಯನ್ನು ಹಣೆಗೇರಿಸಿ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಪರದೆಯ ಮೇಲೆ ಅದೇ ಪುಟ. ಕೈ ಎರಡೂ ಮಡಿಲಲ್ಲಿ. ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ.

“ಬಾ ತಂಗಿ. ಬರ್ತೀಯ ಅಂತ ಗೊತ್ತಿತ್ತು. ಬೈಯೋಕೆ ಬಂದಿದ್ದರೆ ಕೂತು ಬೈಯಿ, ಓಡಿ ಬಂದಿದ್ದೀಯ.”

“ಫೋನ್ ಯಾಕಣ್ಣ ಎತ್ತಲಿಲ್ಲ?”

“ಎತ್ತಿದ್ರೆ ನೀನು ಬಿಡು ಅಂತೀಯ. ನನಗೆ ಬಿಡೋಕ್ಕಾಗಲ್ಲ. ಇಲ್ಲ ಅನ್ನೋಕೂ ಆಗಲ್ಲ. ಅದಕ್ಕೇ ಎತ್ತಲಿಲ್ಲ.”

ಅವಳು ಸ್ಟೂಲು ಎಳೆದುಕೊಂಡು ಕೂತಳು. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಅವನ ಮುಖ ನೋಡಿದ ಮೇಲೆ ಬಾಯಿಗೆ ಬರಲಿಲ್ಲ. “ಏನು ಬರೀತಿದ್ದೀಯಣ್ಣ?”

“ಏನೂ ಇಲ್ಲ. ಹನ್ನೊಂದು ವರ್ಷದಿಂದ ಏನೂ ಬರೆದಿಲ್ಲ.” ಅವನು ಬೆರಳಿನಿಂದ ಬೀಗದ ಚಿತ್ರ ತೋರಿಸಿದ. “ದಿನಾ ಬೆಳಿಗ್ಗೆ ಏಳಕ್ಕೆ ಇದನ್ನ ತೆರೀತೀನಿ. ಎರಡು ಗಂಟೆಗೆ ಬಿಡ್ತೀನಿ. ನಾನು ಬಿಟ್ಟ ಒಂದೇ ನಿಮಿಷಕ್ಕೆ ಅವನ ಹೆಸರು ಬೀಳುತ್ತೆ, ತಮ್ಮ ಬರೆಯುತ್ತಿದ್ದಾರೆ, ದಯವಿಟ್ಟು ಕಾಯಿರಿ ಅಂತ. ಅವನೂ ಏನೂ ಬರೆಯಲ್ಲ, ರಾತ್ರಿ ಊಟದ ಹೊತ್ತಿಗೆ ಬಿಡ್ತಾನೆ. ಓಹೋ, ಇದ್ದಾನೆ ಅಂತ ಅವನಿಗೆ ನಾನು, ನನಗೆ ಅವನು. ಅಷ್ಟೇ ನಮ್ಮ ಸಂಸಾರ.”

ಸೂಜಿಯಕ್ಕ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಜಗಳ ತಪ್ಪಿಸಲೆಂದು ಅವಳು ಮಾಡಿದ ಬೀಗವನ್ನು ಇವರಿಬ್ಬರೂ ಯೋಗಕ್ಷೇಮದ ಕಾಗದ ಮಾಡಿಕೊಂಡಿದ್ದರು.

“ಹೋದ ಚಳಿಗಾಲದಲ್ಲಿ ನಾನು ಆಸ್ಪತ್ರೆ ಸೇರಿದ್ನಲ್ಲ, ಒಂಬತ್ತು ದಿನ. ವಾಪಸು ಬಂದು ನೋಡಿದ್ರೆ ಒಂಬತ್ತು ದಿನವೂ ಬೀಗ ಅವನದೇ. ಹಗಲೂ ರಾತ್ರಿ ಬಿಟ್ಟಿಲ್ಲ. ನಾನು ಪುಟದ ಬಾಗಿಲಲ್ಲಿ ಕಾಯ್ತಿರೋದು ಅವನಿಗೆ ಕಂಡ ತಕ್ಷಣ ಬಿಟ್ಟ.” ಅವನು ಕನ್ನಡಕ ತೆಗೆದು ಅಂಗಿಯಂಚಿನಲ್ಲಿ ಒರೆಸಿದ. “ಇವತ್ತು ನೀವು ಹೊಸದಾಗಿ ಬರೆಯೋಕೆ ಕೂರೋರಿಗೆ ಬಾಗಿಲು ಹಾಕಿದ್ದೀರಿ. ನಾನು ಬಿಟ್ಟರೆ ಅವನು ಹಿಡಿಯೋ ಹಾಗಿಲ್ಲ. ಎರಡು ಗಂಟೆಗೆ ಬರ್ತಾನೆ, ನನ್ನ ಹೆಸರೂ ಇರಲ್ಲ. ಏನಂದ್ಕೊಳ್ತಾನೆ ಹೇಳು?”

“ಪಟ್ಟಿ ನೋಡ್ತಾನಲ್ಲಣ್ಣ, ಮನೆ ಬದಲಾಯಿಸ್ತಿದ್ದೇವೆ ಅಂತ.”

“ಆಮೇಲೆ? ಹೊಸ ಮನೇಲಿ ಬೀಗವೇ ಇಲ್ವಂತೆ. ನಾನಿದ್ದೀನೋ ಇಲ್ವೋ ಅವನಿಗೆ ಯಾರು ಹೇಳ್ತಾರೆ?”

ಗೋಡೆಯ ಗಡಿಯಾರಗಳಲ್ಲಿ ಒಂದೂವರೆ. ಸೂಜಿಯಕ್ಕ ಫೋನು ತೆಗೆದು, ಪ್ರಯೋಗಕ್ಕೆಂದು ಇಟ್ಟಿದ್ದ ಐದನೇ ಆವೃತ್ತಿಯ ಒಂದು ಪುಟ ತೆರೆದಳು. ಮನೆಯಲ್ಲಿದ್ದ ಮೈದುನನಿಗೂ ಅದನ್ನೇ ತೆರೆಯಲು ಹೇಳಿದಳು. ಪುಟದ ನೆತ್ತಿಯ ಮೇಲೆ ಎರಡು ಹೆಸರು ಮೂಡಿದವು, ಒಂದು ಹಸಿರು, ಒಂದು ನೀಲಿ. ಪುಟದೊಳಗೆ ಎರಡು ಪುಟ್ಟ ಗೆರೆಗಳು ಮಿಣುಕಿದವು. ನೀಲಿ ಗೆರೆ ಓಡಾಡಿ “ಅತ್ತಿಗೆಗೆ ಜಯವಾಗಲಿ” ಎಂದು ಬರೆಯಿತು.

“ನೋಡಣ್ಣ. ಒಬ್ಬರು ಎದ್ದುಹೋಗೋ ತನಕ ಇನ್ನೊಬ್ಬರು ಕಾಯಬೇಕಾಗಿಲ್ಲ. ಇಬ್ಬರೂ ಒಟ್ಟಿಗೇ ಇರಬಹುದು. ಇದ್ದವರ ಹೆಸರು ಇಲ್ಲೇ ಕಾಣುತ್ತೆ.”

ಗಡಿಯಾರದಣ್ಣ ಫೋನಿಗೆ ಭೂತಗನ್ನಡಿ ಹಿಡಿದು ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಸಣ್ಣದಾಯಿತು. “ಒಟ್ಟಿಗೇನಾ? ಎದುರು ಬದುರು?” ದನಿ ತಗ್ಗಿತು. “ಬೀಗ ಇದ್ದಾಗ ಒಂದು ನೆಮ್ಮದಿ ಇತ್ತು ತಂಗಿ. ಅವನು ಒಳಗಿದ್ದರೆ ನಾನು ಹೊರಗೆ. ಎದುರು ಸಿಕ್ಕರೆ ಏನು ಹೇಳೋದು ಹನ್ನೊಂದು ವರ್ಷದ ಮೇಲೆ? ಅವನು ಎದ್ದು ಹೋಗಿಬಿಟ್ಟರೆ? ಹೋಗೋದು ಕಣ್ಣಾರೆ ಕಾಣುತ್ತಲ್ಲ.”

ಸೂಜಿಯಕ್ಕ ಫೋನನ್ನು ಮಡಿಲಲ್ಲಿಟ್ಟಳು. “ಅದು ನನಗೆ ಗೊತ್ತಿಲ್ಲಣ್ಣ. ಒಂಬತ್ತು ದಿನ ಕಾದವನು ಏಳ್ತಾನೆ ಅಂತ ನನಗನ್ನಿಸಲ್ಲ. ಆದರೆ ನಿನ್ನ ಬೀಗ ನಾನು ಒಡೆಯಲ್ಲ. ಮೂರಾದ್ರೆ ಎಲ್ಲರನ್ನೂ ವಾಪಸು ಕರ್ಕೊಂಡು ಬರ್ತೀನಿ. ಅದೂ ದೇವರ ಇಚ್ಛೆಯೇ.”

ಅವನು ಪರದೆಯ ನೆತ್ತಿಯ ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ಓದಿದ. ಆಮೇಲೆ, “ಆ ಹಳದಿ ಪಟ್ಟಿ ಎಲ್ಲರಿಗೂ ಕಾಣುತ್ತಾ?” ಎಂದ.

“ಎಲ್ಲರಿಗೂ.”

“ಅದರಲ್ಲಿ ಒಂದು ಸಾಲು ಹಾಕ್ತೀಯಾ?”

ಎರಡಕ್ಕೆ ಹತ್ತು ನಿಮಿಷವಿತ್ತು. ಸೂಜಿಯಕ್ಕ ಫೋನಿನಲ್ಲಿ ಹೇಳಿದಳು, ಮೈದುನ ಬರೆದುಕೊಂಡ, ಎರಡು ಸಲ ಕೇಳಿದ. “ಇದನ್ನ ಪಟ್ಟೀಲಿ ಹಾಕೋದಾ? ಅತ್ತಿಗೆ, ಸಾವಿರ ಜನ ಓದ್ತಾರೆ!”

“ಓದ್ಲಿ. ಹಾಕು.”

ಅದುವರೆಗೆ ಇದ್ದ ಮಾತಿನ ಕೆಳಗೆ ಹೊಸ ಸಾಲು ಮೂಡಿತು. “ಗಡಿಯಾರದಣ್ಣ ಕ್ಷೇಮವಾಗಿದ್ದಾನೆ. ಮೂರು ಗಂಟೆಗೆ ಹೊಸ ಮನೆಯಲ್ಲಿ ಗೋಪುರದ ಗಡಿಯಾರದ ಹತ್ತಿರ ಇರುತ್ತಾನೆ.”

ಗಡಿಯಾರದಣ್ಣ ಅದನ್ನು ಬಾಯಿಬಿಟ್ಟು ಓದಿದ. ಕೈ ಮುಗಿದ, ಯಾರಿಗೆಂದು ಸೂಜಿಯಕ್ಕ ಕೇಳಲಿಲ್ಲ. ಆಮೇಲೆ ಲ್ಯಾಪ್‌ಟಾಪಿನ ಕಡೆ ತಿರುಗಿ, ದೊಡ್ಡ ಗಡಿಯಾರದ ಲೋಲಕವನ್ನು ಕೊಂಡಿಯಿಂದ ಇಳಿಸುವಷ್ಟೇ ಜೋಪಾನವಾಗಿ, ಪುಟವನ್ನು ಮುಚ್ಚಿದ.

ಫೋನಿನಲ್ಲಿ ಮೈದುನ ಕಿರುಚಿದ್ದು ಅಂಗಡಿಯ ಗಾಜಿಗೆಲ್ಲ ಕೇಳಿಸಿತು. “ಹೋಯ್ತು! ಎರಡು ಸಾವಿರದ ಮುನ್ನೂರ ಹದಿನೇಳು! ಅಮ್ಮ, ಹೋಯ್ತು!” ಹಿಂದಿನಿಂದ ಅಮ್ಮನ ದನಿ: “ಹೋಯ್ತು ಹೋಯ್ತು ಅಂತ ಯಾಕೋ ಅಪಶಕುನ ನುಡೀತೀಯ, ಬಂತು ಅನ್ನು!”

ಇನ್ನು ಒಂದು ಗಂಟೆ ತಪಾಸಣೆಯ ಕೆಲಸ. ಸೂಜಿಯಕ್ಕ ಅಲ್ಲೇ ಕೂತು ಫೋನಿನಲ್ಲೇ ಒಂದೊಂದನ್ನೂ ಕೇಳಿ ಖಚಿತ ಮಾಡಿಕೊಂಡಳು. ಚಿತ್ರಗಳು ಬಂದಿವೆಯಾ, ಹಳೆಯ ತಿದ್ದುಪಡಿಗಳೆಲ್ಲ ಉಳಿದಿವೆಯಾ. ನಲವತ್ತೊಂದು ಸಲ ಅಳಿಸಿದ್ದೂ ಉಳಿದಿತ್ತು. ಗಡಿಯಾರದಣ್ಣ ಈ ಹೊತ್ತಿಗೆ ಮುಖ ತೊಳೆದು ತಲೆ ಬಾಚಿಕೊಂಡು ಬಂದ.

“ಅಣ್ಣ, ಮುಖ ಕಾಣಲ್ಲ, ಹೆಸರು ಮಾತ್ರ” ಎಂದಳು ಸೂಜಿಯಕ್ಕ.

“ಗೊತ್ತು. ಆದ್ರೂ.”

ಮೂರು ಗಂಟೆ. ಗೋಡೆಯ ಗಡಿಯಾರಗಳು ಒಂದರ ಹಿಂದೆ ಒಂದು ಬಾರಿಸತೊಡಗಿದವು, ಅವು ಮುಗಿಯಲು ಪೂರ್ತಿ ಒಂದು ನಿಮಿಷ ಬೇಕಾಯಿತು. ಅಷ್ಟರಲ್ಲಿ ಹಳದಿ ಪಟ್ಟಿ ಮಾಯವಾಗಿ ಐದನೇ ಆವೃತ್ತಿ ತೆರೆದುಕೊಂಡಿತ್ತು. ಜನ ನುಗ್ಗಿದರು. ಪಂಪಿನವರು, ರೇಡಿಯೋದವರು, ಬೀಗ ಬೇಕೆಂದು ಮುಖ ಊದಿಸಿಕೊಂಡಿದ್ದ ಹಳೇ ಮಂದಿ, ಎಲ್ಲರ ಹೆಸರೂ ಬಣ್ಣಬಣ್ಣವಾಗಿ ಪುಟಗಳ ಮೇಲೆ ಮೂಡುತ್ತಿತ್ತು. ಮೊದಲು ಬಂದವನು ಛತ್ರಿಯವನು. ಒಬ್ಬರೂ ಹಿಂದೆ ಉಳಿದಿರಲಿಲ್ಲ, ಬಹುಶಃ ಒಬ್ಬನ ಹೊರತು.

ಗೋಪುರದ ಗಡಿಯಾರದ ಪುಟದಲ್ಲಿ ಒಂದೇ ಹೆಸರು, ಹಸಿರು: ಗಡಿಯಾರದಣ್ಣ. ಒಂದು ನಿಮಿಷವಾಯಿತು, ಎರಡಾಯಿತು. ಅವನು ಉಸಿರನ್ನೂ ಲೆಕ್ಕ ಹಾಕಿ ಬಿಡುತ್ತಿದ್ದ.

ಪಕ್ಕದಲ್ಲಿ ನೀಲಿ ಹೆಸರೊಂದು ಬಿತ್ತು. ತಮ್ಮ.

ಇಬ್ಬರೂ ಕದಲಲಿಲ್ಲ. ಎರಡು ಗೆರೆಗಳು ದೂರದೂರದಲ್ಲಿ ಮಿಣುಕುತ್ತ ನಿಂತವು.

“ಏನಾದ್ರೂ ಬರಿ ಅಣ್ಣ” ಎಂದು ಸೂಜಿಯಕ್ಕ ಪಿಸುಗುಟ್ಟಿದಳು.

ಅವನು ಬೆರಳು ಮುಂದೆ ತಂದ, ಹಿಂದೆ ತೆಗೆದ. ಕೊನೆಗೆ ಹಸಿರು ಗೆರೆ ಮೆಲ್ಲನೆ ಇಳಿದು, ಹನ್ನೊಂದು ವರ್ಷದಿಂದ ಅರೆಬರೆಯಾಗಿ ನಿಂತಿದ್ದ ಆ ಕೊನೆಯ ಸಾಲಿಗೆ ಬಂತು. “ಎಣ್ಣೆ ಹಾಕಬೇಕು” ಎಂಬುದರ ಹಿಂದೆ ಅವನು ಒಂದೊಂದೇ ಅಕ್ಷರ ಒತ್ತಿದ. “ಒಂದು ಹನಿ.”

ನೀಲಿ ಗೆರೆ ಅಲುಗಿತು. ಪುಟದ ಮೇಲಿನಿಂದ ಸರಸರನೆ ಇಳಿದು ಬಂದು ಆ ಪದದ ಮಗ್ಗುಲಲ್ಲೇ ನಿಂತಿತು. “ಒಂದು” ಮಾಯವಾಯಿತು. ಅದರ ಜಾಗದಲ್ಲಿ “ಎರಡು” ಬಂತು.

ಗಡಿಯಾರದಣ್ಣ ಮೇಜನ್ನು ಗುದ್ದಿ ಎದ್ದುನಿಂತ. ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಕಿವಿಯವರೆಗೆ ಅರಳಿತ್ತು. “ನೋಡಿದ್ಯಾ ತಂಗಿ! ಅಳಿಸಿದ! ನನ್ನ ಕಣ್ಣೆದುರಿಗೇ ಅಳಿಸಿದ ಆ ಮೂರ್ಖ!” ಎಂದು ಕುರ್ಚಿಯನ್ನು ಮುಂದಕ್ಕೆಳೆದು ಕೂತು, ಭೂತಗನ್ನಡಿಯನ್ನು ಹಣೆಗೇರಿಸಿಕೊಂಡು, ಮತ್ತೆ “ಒಂದು” ಎಂದು ಬರೆಯತೊಡಗಿದ.