ಸುಗುಣಕ್ಕ ಕಂಡದ್ದು

ತೆಕ್ಕಟ್ಟೆಯ ಬಸ್ ನಿಲ್ದಾಣದಿಂದ ತುಸು ಉತ್ತರಕ್ಕೆ, ಹೈವೇ ಪಕ್ಕದಲ್ಲಿ, ನಾಲ್ಕು ಕಂಬಗಳ ಮೇಲೆ ತಗಡು ಹೊದಿಸಿದ ಜಾಗದಲ್ಲಿ ಸುಗುಣ ಹದಿನೆಂಟು ವರ್ಷಗಳಿಂದ ಮೀನು ಮಾರುತ್ತಿದ್ದಳು. ಗಂಡ ತೀರಿಕೊಂಡ ವರ್ಷ ಅಲ್ಲಿ ಕೂತವಳು, ಮಗಳು ದಿವ್ಯಾ ಉಡುಪಿಯ ಕಾಲೇಜು ಸೇರಿ ಹಾಸ್ಟೆಲಿಗೆ ಹೋದ ಮೇಲೂ ಅಲ್ಲಿಂದ ಎದ್ದಿರಲಿಲ್ಲ. ಗಂಗೊಳ್ಳಿ ಬಂದರಿನಿಂದ ಅವಳ ಮೀನು ಬರುತ್ತಿದ್ದುದು ಶೀನನ ಟೆಂಪೋದಲ್ಲಿ. ನೀಲಿ ಬಣ್ಣದ ಗಾಡಿ. ಬೆಳಿಗ್ಗೆ ಐದೂಮುಕ್ಕಾಲಿಗೆ ಅವಳ ಪೆಟ್ಟಿಗೆ ಇಳಿಸಿ, ಉಳಿದ ಮೀನು ಹೊತ್ತು ದಕ್ಷಿಣಕ್ಕೆ, ಬ್ರಹ್ಮಾವರದ ಕಡೆಗೆ ಹೋಗುತ್ತಿತ್ತು.

ಶೀನನಿಗೂ ಅವಳಿಗೂ ಮಾತಿರಲಿಲ್ಲ. ಹಿಂದಿನ ವರ್ಷ ಚೌತಿಯ ಹೊತ್ತಿಗೆ ಅವನು ತಂದ ಬಂಗಡೆ ಕೆಟ್ಟು ಮೆತ್ತಗಾಗಿತ್ತು. ಅವಳು ನಾಲ್ಕು ಜನರೆದುರು ಬೈದಳು. ಅವನು "ಬೇಕಾರೆ ತಕಣಿ, ಬ್ಯಾಡದಿರೆ ಬಿಡಿ" ಎಂದು ಗಾಡಿ ಹತ್ತಿದ್ದ. ಅಷ್ಟೇ. ಆದರೆ ಅವಳ ಮನಸ್ಸಿನಲ್ಲಿ ಅದು ಮುಳ್ಳಾಗಿ ಉಳಿದಿತ್ತು. ಅವನು ಸಂಜೆ ಒಂದಿಷ್ಟು ಕುಡಿಯುತ್ತಾನೆಂಬುದು ಊರಿಗೆ ಗೊತ್ತಿದ್ದ ಸಂಗತಿ. ಅಂದಿನಿಂದ ಅವಳ ಬಾಯಲ್ಲಿ ಅವನು ಬರೀ ಶೀನ ಅಲ್ಲ, ಕುಡುಕ ಶೀನ.

ಡಿಸೆಂಬರಿನ ಒಂದು ಬುಧವಾರ ಶೀನ ಎಂದಿನಂತೆ ಬಂದ, ಪೆಟ್ಟಿಗೆ ಇಳಿಸಿದ, ಮಾತಾಡದೆ ಹೋದ. ಅರ್ಧ ಗಂಟೆ ಕಳೆದಿರಬಹುದು. ಸುಗುಣ ಬಗ್ಗಿ ಗೋಣಿಚೀಲದೊಳಗಿನ ಐಸನ್ನು ಕೊಡತಿಯಿಂದ ಪುಡಿ ಮಾಡುತ್ತಿದ್ದಳು. ರಸ್ತೆಯಲ್ಲಿ ತೆಂಗಿನಕಾಯಿ ಮೂಟೆ ಬಿದ್ದಂಥ ಸದ್ದಾಯಿತು. ತಲೆ ಎತ್ತಿದಾಗ ಅವಳಿಗೆ ಕಂಡದ್ದು ಎರಡೇ. ಒಂದು, ಕುಂದಾಪುರದ ಕಡೆಗೆ ದೂರವಾಗುತ್ತಿದ್ದ ಕೆಂಪು ದೀಪಗಳು. ಇನ್ನೊಂದು, ಟಾರಿನ ಮೇಲೆ ಬಿದ್ದಿದ್ದ ಬಿಳಿ ಪಂಚೆ. ಅದು ಮಂಜಯ್ಯ. ಪೋಸ್ಟ್‌ಮ್ಯಾನ್ ಆಗಿ ನಿವೃತ್ತರಾದವರು, ದಿನಾ ಹಾಲು ತರಲು ರಸ್ತೆ ದಾಟಿ ಡೈರಿಗೆ ಹೋಗುವವರು, ಹಿಂದಿರುಗುವಾಗ "ಇವತ್ತ್ ಎಂತ ಇತ್ತ್ ಸುಗುಣ?" ಎಂದು ಕೇಳಿ ಮನೆಯ ಬೆಕ್ಕಿಗಾಗಿ ಎರಡು ಮೀನು ಒಯ್ಯುವವರು. ಅವಳು ಓಡಿಹೋಗಿ ಅವರ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಉಸಿರು ಇರಲಿಲ್ಲ.

ಆಂಬುಲೆನ್ಸ್ ಬಂದು ಹೋಯಿತು. ಮಗಳಿಗೆ ಫೋನ್ ಹಚ್ಚಿದಳು, ಎತ್ತಲಿಲ್ಲ. ಬರೆಯಲು ಬಾರದವಳು ವಾಟ್ಸಾಪಿನ ಮೈಕನ್ನು ಒತ್ತಿ ಹಿಡಿದು ಆದದ್ದನ್ನು ಅಳುತ್ತಲೇ ಹೇಳಿ ಕಳಿಸಿದಳು.

ಅಷ್ಟರಲ್ಲಿ ಜನ ಸೇರಿತ್ತು. ಮಂಜಯ್ಯನವರ ಅಕ್ಕನ ಮಗ ಸುಧಾಕರ ಬಂದ. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು, ಒಂದು ಅವಧಿ ಪಂಚಾಯತ್ ಸದಸ್ಯನಾಗಿದ್ದವನು. ನಾಲ್ಕು ಮಾತಿನಲ್ಲಿ ಎಂಥ ಜಗಳವನ್ನೂ ತೀರಿಸಬಲ್ಲ ಎಂದು ಹೆಸರು ಮಾಡಿದವನು. ತಂದೆಯಿಲ್ಲದ ಅವನನ್ನು ಓದಿಸಿದ್ದು ಮಂಜಯ್ಯ. ಅವನ ಕಣ್ಣು ಕೆಂಪಾಗಿತ್ತು, ಮಾತು ಮಾತ್ರ ಮೆತ್ತಗಿತ್ತು.

"ಸುಗುಣಕ್ಕ, ಯಾವ ಗಾಡಿ?"

"ಗೊತ್ತಾಯ್ಲಿಲ್ಲೆ ಸುಧಾಕರ. ಹಿಂದಿನ್ ಲೈಟ್ ಮಾತ್ರ ಕಂಡದ್."

"ದೊಡ್ಡದಾ? ಸಣ್ಣದಾ?"

"ತೀರಾ ದೊಡ್ಡದಲ್ಲ ಅನ್ಸತ್ತ್."

"ಟೆಂಪೋ ಹಾಂಗಿತ್ತಾ?"

"ಇರ್ಲಕ್ಕ್."

ಗುಂಪಿನಲ್ಲಿ ಯಾರೋ "ಈ ಹೊತ್ತಿಗೆ ಓಡುದ್ ಶೀನನ್ ಟೆಂಪೋ ಅಲ್ದಾ" ಎಂದರು. ಇನ್ನೊಬ್ಬರು "ಅವ್ನ್ ರಾತ್ರಿ ಕುಡ್ದದ್ ಬೆಳಿಗ್ಗಿಗೂ ಇಳೀತಿಲ್ಲೆ" ಎಂದರು. ಸುಧಾಕರ ಅವಳೆದುರು ಕುಕ್ಕರಗಾಲಲ್ಲಿ ಕೂತ.

"ಅಕ್ಕ, ಗಡಿಬಿಡಿ ಇಲ್ಲೆ. ಕಣ್ ಮುಚ್ಕಣಿ. ಚೂರ್ ನೆನಪ್ ಮಾಡ್ಕಣಿ. ನೀಲಿ ಬಣ್ಣ ಕಂಡಿತಾ?"

ಅವಳು ಕಣ್ಣು ಮುಚ್ಚಿದಳು. ನೀಲಿ ಟೆಂಪೋ ಕಂಡಿತು. ಕಾಣದೆ ಇರುವುದು ಹೇಗೆ? ಅರ್ಧ ಗಂಟೆ ಹಿಂದೆ ಅದು ಅವಳೆದುರೇ ನಿಂತಿತ್ತು. ಆದರೆ ಆ ಕ್ಷಣಕ್ಕೆ ಅದು ಯಾವ ಹೊತ್ತಿನ ನೀಲಿ ಎಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ. ತೊಡೆಯ ಮೇಲೆ ಇನ್ನೂ ಮಂಜಯ್ಯನವರ ರಕ್ತ ಹಸಿಯಾಗಿತ್ತು. ಸುತ್ತ ಇಪ್ಪತ್ತು ಮುಖಗಳು ಅವಳ ಬಾಯಿಯನ್ನೇ ನೋಡುತ್ತಿದ್ದವು.

"ನೀಲಿ ಹಾಂಗೇ ಇತ್ತ್" ಎಂದಳು.

ಠಾಣೆಯಲ್ಲಿ ಅದು "ಶೀನನ ಟೆಂಪೋದಂತೆ ಇತ್ತು" ಎಂದಾಯಿತು. ಪೊಲೀಸರು ಟೆಂಪೋ ತರಿಸಿ ನೋಡಿದರೆ ಮುಂದಿನ ಬಂಪರ್ ಎಡಬದಿಯಲ್ಲಿ ತಗ್ಗಿತ್ತು. ಬಂದರಿನ ದಕ್ಕೆಯಲ್ಲಿ ಕಂಬಕ್ಕೆ ತಾಗಿದ್ದು ಎಂದು ಶೀನ ಹೇಳಿದ. ಕಂಬಕ್ಕೆ ತಾಗಿದ್ದನ್ನು ಕಂಡವರು ಯಾರೂ ಮುಂದೆ ಬರಲಿಲ್ಲ. ಬಂಪರಿನ ಸುದ್ದಿ ಸಂಜೆಯೊಳಗೆ ತೆಕ್ಕಟ್ಟೆಗೆ ಬಂತು. ಸುಗುಣ ಅದನ್ನು ಕೇಳಿದವಳೇ ನಿಟ್ಟುಸಿರು ಬಿಟ್ಟು "ನಾ ಹೇಳ್ಲಿಲ್ಯಾ?" ಎಂದಳು. ಬೆಳಿಗ್ಗೆ ಇದ್ದ ಅನುಮಾನ ಆ ಒಂದು ಮಾತಿನಲ್ಲಿ ಕರಗಿಹೋಯಿತು.

ಮರುದಿನದಿಂದ ಮೀನಿಗೆ ಬಂದವರೆಲ್ಲ ಕೇಳಿದರು. ಕೋಟದವರು, ಬಾರ್ಕೂರಿನವರು, ಬಸ್ಸಿಗೆ ಕಾಯುತ್ತಿದ್ದವರು. ಅವಳು ಹೇಳಿದಳು. ಹೇಳಿದಂತೆಲ್ಲ ಕತೆಗೆ ಕೈಕಾಲು ಬಂತು. ಟೆಂಪೋದ ಹಿಂದಿನ ಒಂದು ದೀಪ ಒಡೆದಿತ್ತು. ಚಾಲಕನ ಕೆಂಪು ಟೀ ಶರ್ಟ್ ಕಂಡಿತು. ಹದಿನೈದು ದಿನ ಕಳೆಯುವಷ್ಟರಲ್ಲಿ, ಶೀನ ಗಾಡಿ ನಿಧಾನ ಮಾಡಿ, ಕಿಟಕಿಯಿಂದ ಹಿಂದಿರುಗಿ ನೋಡಿ, ಮತ್ತೆ ಓಡಿಸಿಕೊಂಡು ಹೋಗಿದ್ದ. ಸುಳ್ಳು ಹೇಳುತ್ತಿದ್ದೇನೆಂದು ಅವಳಿಗೆ ಒಂದು ಸಲವೂ ಅನಿಸಲಿಲ್ಲ. ನಿನ್ನೆ ಹೇಳಿದ್ದೇ ಇಂದಿಗೆ ನೆನಪಾಗಿ ನಿಂತಿರುತ್ತಿತ್ತು. ಕೇಳಿದವರು ಲೊಚಗುಟ್ಟಿ, "ನೀವ್ ಇಲ್ದಿರೆ ಅವ್ನ್ ತಪ್ಪಿಸ್ಕಂತಿದ್ದ" ಎನ್ನುವರು. ಹದಿನೆಂಟು ವರ್ಷ ಮೀನಿನ ದರವನ್ನಲ್ಲದೆ ಬೇರೇನನ್ನೂ ಯಾರೂ ಅವಳ ಹತ್ತಿರ ಕೇಳಿರಲಿಲ್ಲ.

ಶೀನನಿಗೆ ಜಾಮೀನು ಸಿಕ್ಕಿತು, ಕೆಲಸ ಸಿಗಲಿಲ್ಲ. ಟೆಂಪೋದ ಯಜಮಾನ ಬೇರೆಯವನನ್ನು ಇಟ್ಟುಕೊಂಡ. ಬಂದರಿನಲ್ಲಿ ಅವನು ಬಂದು ನಿಂತರೆ ಜನ ಪಕ್ಕಕ್ಕೆ ಸರಿಯುತ್ತಿದ್ದರು. ಜನವರಿಯ ಕೊನೆಗೆ ಅವನು ಹೆಂಡತಿ ಪದ್ದುವನ್ನು ಕರೆದುಕೊಂಡು ಅವಳ ತವರು ಶಿರೂರಿಗೆ ಹೋದ ಎಂದು ಸುದ್ದಿ ಬಂತು. "ತಪ್ಪ್ ಮಾಡದಿರೆ ಊರ್ ಬಿಟ್ಟ್ ಯಾಕ್ ಹೋತ?" ಎಂದಳು ಸುಗುಣ. ಕೇಳಿದವರೆಲ್ಲ ಹೌದೆಂದರು.

ಮಾರ್ಚಿನಲ್ಲಿ ದಿವ್ಯಾ ಎರಡು ದಿನ ರಜೆಗೆ ಬಂದಳು. ಅವಳು ಓದುತ್ತಿದ್ದುದು ಮನಃಶಾಸ್ತ್ರ. ಊಟಕ್ಕೆ ಕೂತಾಗ ತರಗತಿಯಲ್ಲಿ ನಡೆದ ಒಂದು ಸಂಗತಿ ಹೇಳಿದಳು. ಪಾಠದ ನಡುವೆ ಯಾರೋ ಒಬ್ಬ ನುಗ್ಗಿ ಬಂದು ಮೇಡಮ್ಮಿನ ಬ್ಯಾಗ್ ಎತ್ತಿಕೊಂಡು ಓಡಿದನಂತೆ. ಎಲ್ಲರೂ ಕಿರುಚಿದರು. ಆಮೇಲೆ ನೋಡಿದರೆ ಅವನು ಮೇಡಮ್ಮೇ ಕರೆಸಿದವನು. ಅವನ ಅಂಗಿಯ ಬಣ್ಣ ಬರೆಯಿರಿ ಎಂದರೆ ನಲವತ್ತು ಜನ ಏಳು ಬಣ್ಣ ಬರೆದರು. ಒಟ್ಟಿಗೆ ಕೂತು ಮಾತಾಡಿಕೊಂಡು ಮತ್ತೆ ಬರೆಯಿರಿ ಎಂದರೆ, ಹೆಚ್ಚುಕಡಿಮೆ ಎಲ್ಲರೂ ಕೆಂಪು ಎಂದರು.

"ಕೆಂಪಾ?" ಎಂದಳು ಸುಗುಣ.

"ಬೂದಿ ಬಣ್ಣ ಅಮ್ಮ. ಮೊದ್ಲ್ ಕೆಂಪ್ ಅಂದದ್ ಒಬ್ಳೇ. ಅವ್ಳ್ ಗಟ್ಟಿ ದನಿಯಂಗೆ ಹೇಳ್ದ್ಳ್, ಉಳ್ದರಿಗೆಲ್ಲ ಕೆಂಪೇ ನೆನಪಾಯ್ತ್. ನಂಗೂ. ಈಗ್ಲೂ ಕಣ್ ಮುಚ್ಚಿರೆ ಕೆಂಪೇ ಕಾಂತ್."

ಸುಗುಣ ಅನ್ನ ಕಲಸುತ್ತಿದ್ದಳು. ಮಗಳು ಸುಮ್ಮನಾಗಲಿಲ್ಲ. "ಅಮ್ಮ, ಒಂದ್ ಹೇಳ್ತೆ, ಸಿಟ್ಟ್ ಮಾಡ್ಬೇಡ. ಆವತ್ತ್ ನೀನ್ ಕಳ್ಸಿದ್ ವಾಯ್ಸ್ ನಾ ಮೊನ್ನೆ ಮತ್ತೆ ಕೇಂಡೆ." ಅವಳು ಫೋನನ್ನು ತಟ್ಟೆಯ ಪಕ್ಕ ಇಟ್ಟು ಒತ್ತಿದಳು.

ಬಿಕ್ಕುವ ದನಿ ಬಂತು. "ಮಗಾ, ಮಂಜಯ್ಯನವ್ರ್ ಹೋದ್ರೇ... ನಾ ಬಗ್ಗಿ ಐಸ್ ಒಡೀತಿದ್ದೆ, ಎಂತದೂ ಕಂಡಿಲ್ಲೆ ಮಗಾ... ತಲೆ ಎತ್ತುವತ್ತಿಗೆ ಗಾಡಿ ಹೋಯಾಯ್ತ್, ಯಾವ್ ಗಾಡಿ ಅಂದೇಳಿ ಗೊತ್ತಿಲ್ಲೆ... ಶೀನ ಪೆಟ್ಟಿಗಿ ಇಳ್ಸಿ ಬ್ರಹ್ಮಾವರಕ್ ಹೋಯಿ ಅರ್ಧ ಗಂಟಿ ಆಯ್ತ್, ಅವ್ನಾರೂ ಇದ್ದಿರೆ ಟೆಂಪೋದಗ್ ಹಾಕಿ ಆಸ್ಪತ್ರಿಗೆ ಕರ್ಕಂಡ್‌ಹೋಪುಕ್ ಆತಿತ್ತ್..."

ಸುಗುಣಳ ಕೈ ತಟ್ಟೆಯಲ್ಲೇ ನಿಂತಿತು.

"ಅದ್ ನಾನಲ್ಲ" ಎಂದಳು. "ನಾ ಅವ್ನ್ ಮೋರೆ ಕಂಡಿದೆ ದಿವ್ಯಾ. ತಿರ್ಗಿ ಕಂಡ ಅವ್ನ್." ಆ ಮುಖ ಈಗಲೂ ಎದುರಿಗೆ ನಿಚ್ಚಳವಾಗಿತ್ತು. ಆದರೆ ತಟ್ಟೆಯ ಪಕ್ಕದ ಫೋನಿನಲ್ಲಿದ್ದದ್ದು ಅವಳದೇ ದನಿ, ರಕ್ತ ಆರುವ ಮೊದಲಿನ ದನಿ. ಎರಡರಲ್ಲಿ ಒಂದು ಸುಳ್ಳು. ಅವಳು ಎದ್ದು ಕೈ ತೊಳೆದಳು. ಊಟ ಹಾಗೆಯೇ ಉಳಿಯಿತು.

ಮೂರು ದಿನ ಮೀನು ಕೊಯ್ಯುತ್ತ ಕೂತಾಗಲೆಲ್ಲ ಅವಳು ನೆನಪಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಿ ನೋಡುತ್ತಿದ್ದಳು. ಒಡೆದ ದೀಪವನ್ನು ಮೊದಲು ಹೇಳಿದ್ದು ತಾನಲ್ಲ, ಕೋಟದಿಂದ ಬಂದ ಒಬ್ಬ ಗಿರಾಕಿ. ಕೆಂಪು ಟೀ ಶರ್ಟು ಶೀನ ಪೆಟ್ಟಿಗೆ ಇಳಿಸುವಾಗ ತೊಟ್ಟದ್ದು. ಹಿಂದಿರುಗಿ ನೋಡಿದ್ದು ಮಾತ್ರ ಎಲ್ಲಿಂದ ಬಂತೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಅದು ತನ್ನೊಳಗೇ ಹುಟ್ಟಿದ್ದಿರಬೇಕು. ಚೌತಿಯ ದಿನದ ಸಿಟ್ಟಿನಲ್ಲಿ ಹುಟ್ಟಿದ್ದೋ ಏನೋ ಎಂದು ಹೊಳೆದಾಗ ಅವಳಿಗೆ ತನ್ನ ಮೈಯೇ ಬೇರೆಯವರದ್ದು ಅನ್ನಿಸಿತು.

ನಾಲ್ಕನೆಯ ದಿನ ಫೋನಿನ ಸಂಗತಿ ತಿಳಿಸಿ, ಠಾಣೆಯಲ್ಲಿ ಹೇಳಿಕೆ ಬದಲಿಸುವುದಾಗಿ ಸುಧಾಕರನಿಗೆ ಹೇಳಿದಳು. ಅವನು ಅಂಗಡಿಯಲ್ಲಿ ಅವಳನ್ನು ಕೂರಿಸಿ ಚಾ ತರಿಸಿದ.

"ಅಕ್ಕ, ಅಳ್ತಾ ಕಳ್ಸಿದ್ ಮಾತ್ ಅದ್. ಆಗ ನಿಮ್ಗ್ ಮೈಮೇಲ್ ಗ್ಯಾನ ಇದ್ದಿರ್ಲಿಲ್ಲೆ. ಸಮಾಧಾನ ಆದ್ಮೇಲ್ ನೆನಪಾದ್ದೇ ಖರೆ."

"ಸಮಾಧಾನ ಆದ್ಮೇಲ್ ನೆನಪಾದ್ದಲ್ಲ ಸುಧಾಕರ. ನೀವೆಲ್ಲ ಕೇಂಡ್ಮೇಲ್ ನೆನಪಾದ್ದ್."

ಅವನ ಮುಖ ಸಣ್ಣದಾಯಿತು. "ಹಂಗಾರೆ ನಮ್ ಮಾವನ್ನ ಕೊಂದದ್ ಯಾರ್?" ಎಂದ. ಅದು ಜಗಳದ ಮಾತಾಗಿರಲಿಲ್ಲ. ಅವನಿಗೆ ಉತ್ತರ ಬೇಕಿತ್ತು. ಚಾ ಕುಡಿಯದೆ ಎದ್ದು ಠಾಣೆಗೆ ಹೋಗಿ, ಫೋನಿನ ದನಿ ಕೇಳಿಸಿ, ಹೊಸ ಹೇಳಿಕೆಗೆ ಹೆಬ್ಬೆಟ್ಟು ಒತ್ತಿ ಬಂದಳು.

ಶೀನನ ಮೇಲಿನ ಕೇಸು ಬಿದ್ದುಹೋಯಿತು. ಗುದ್ದಿದ ಗಾಡಿ ಮಾತ್ರ ಸಿಗಲಿಲ್ಲ. ಆದರೆ ತೆಕ್ಕಟ್ಟೆಯಲ್ಲಿ ಕತೆ ಬದಲಾಗಲಿಲ್ಲ, ಸುಗುಣಳ ಹೆಸರು ಬದಲಾಯಿತು. ಶೀನನ ಕಡೆಯವರು ಅವಳಿಗೆ ಏನೋ ಕೊಟ್ಟಿದ್ದಾರೆ ಎಂದರು. ಹೆದರಿಸಿದ್ದಾರೆ ಎಂದರು. "ಮೊದ್ಲ್ ಹೇಳ್ದದ್ದೇ ಸಮ" ಎಂದು ಅವಳ ಮೊದಲಿನ ಮಾತನ್ನು ಅವಳ ವಿರುದ್ಧವೇ ಹಿಡಿದರು. ಫೋನಿನಲ್ಲಿದ್ದದ್ದು ಅದಕ್ಕಿಂತಲೂ ಮೊದಲಿನ ಮಾತು ಎಂದು ಅವಳು ಹೇಳಿದರೆ ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಗಿರಾಕಿಗಳು ಅವಳನ್ನು ದಾಟಿ ಮುಂದೆ ಕೂರುವ ಬೇರೆ ಮೀನಿನವರ ಬಳಿಗೆ ಹೋಗತೊಡಗಿದರು.

ಮೇ ತಿಂಗಳ ಒಂದು ಭಾನುವಾರ ಅವಳು ಕುಂದಾಪುರಕ್ಕೆ ಹೋಗಿ, ಬೈಂದೂರು ದಾಟಿ ಹೋಗುವ ಬಸ್ಸು ಹಿಡಿದು ಶಿರೂರಿನಲ್ಲಿ ಇಳಿದಳು. ಪದ್ದುವಿನ ತವರುಮನೆ ಕಡಲ ಬದಿಯಲ್ಲಿತ್ತು. ಶೀನ ಚಪ್ಪರದ ಕೆಳಗೆ ಹರಿದ ಬಲೆ ಹೊಲಿಯುತ್ತಿದ್ದ. ತುಂಬಾ ಸೊರಗಿದ್ದ. ಅವಳನ್ನು ಕಂಡು ಎದ್ದು ನಿಂತ.

"ಕೂಕಣಿ ಅಕ್ಕ" ಎಂದ. ಪದ್ದು ನೀರು ತಂದಿಟ್ಟು ಬಾಗಿಲ ಬಳಿಯೇ ನಿಂತಳು.

"ಶೀನ, ನಾ ಕಂಡಿಲ್ಲೆ" ಎಂದಳು ಸುಗುಣ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಅಷ್ಟರಲ್ಲೇ ಮುಗಿದವು. "ನಾ ಎಂತದೂ ಕಂಡಿಲ್ಲೆ. ನೀನಲ್ಲ ಅದ್. ನನ್ನಿಂದ ನಿಂಗೆ ಹೀಂಗ್ ಆಯ್ತ್." ಫೋನ್ ತೆಗೆದು ಆ ದನಿಯನ್ನು ಕೇಳಿಸಿದಳು. ಶೀನ ತಲೆ ತಗ್ಗಿಸಿ ಕೊನೆಯವರೆಗೆ ಕೇಳಿದ. ಆಮೇಲೆ ಬಲೆಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡ.

"ಮೊದ್ಲೆಲ್ಲ ನಾನೂ ಇಲ್ಲೆ ಇಲ್ಲೆ ಅಂದೆ ಅಕ್ಕ. ಎಷ್ಟ್ ಜನ ಎಷ್ಟ್ ಸಲ ಕೇಂಡ್ರ್. ಬ್ರಹ್ಮಾವರದಿಂದ ಎಷ್ಟ್ ಗಂಟಿಗ್ ತಿರ್ಗ್ದೆ, ದಾರಿಯಂಗೆ ನಿದ್ದಿ ಬಂದಿತಾ, ಕುಡ್ದಿದ್ಯಾ ಅಂದೇಳಿ. ಹೇಳಿ ಹೇಳಿ ಯಾವ್ದ್ ಖರೆ ಅಂದೇಳಿ ನಂಗೇ ಗೊತ್ತಾಗ್ದಂಗ್ ಆಯ್ತ್. ಒಂದ್ ದಿನ ಕಾಂಬುಕ್ ಸುರು ಆಯ್ತ್."

"ಎಂತ ಕಾಂಬುದ್?"

"ಬಿಳಿ ಪಂಚಿ. ಗಾಡಿ ಎದ್ರ್ ಬಂದದ್. ನಾ ಚೂರ್ ನಿಧಾನ ಮಾಡಿ, ಕಿಟ್ಕಿಯಂಗೆ ತಿರ್ಗಿ ಕಂಡದ್."

"ಅದ್ ನಾ ಹುಟ್ಸಿದ್ ಮಾತ್ ಶೀನ! ಹಾಂಗ್ ಆಯ್ಲೇ ಇಲ್ಲೆ."

"ನೀವ್ ಕಂಡಿಲ್ಲೆ ಅಂದ್ರ್, ಸಮ. ಆರೆ ನಂಗ್ ಕಾಂತಲೇ." ಅವನ ದನಿಯಲ್ಲಿ ಅವಳ ಮೇಲೆ ಸಿಟ್ಟಿರಲಿಲ್ಲ. "ಸ್ಟೇರಿಂಗ್ ಮುಟ್ಟುಕ್ ಆತಿಲ್ಲೆ. ಮಂಜಯ್ಯನವ್ರ್ ನಂಗೆ ಒಂದ್ ಕಾಲಕ್ಕೆ ಮುಂಬಯಿಯಿಂದ ಅಪ್ಪ ಕಳ್ಸಿದ್ ಕಾಗ್ದ ತಂದ್ ಓದಿ ಹೇಳ್ತಿದ್ರ್. ಅವ್ರನ್ನ ನಾ ಹಾಂಗ್ ಬಿಟ್ಟ್ ಬಂದೆ ಅಂದೇಳಿ..." ಅವನು ಎದ್ದು ಕಡಲ ಕಡೆಗೆ ನಡೆದುಹೋದ.

ಸುಗುಣ ಆ ದನಿಯನ್ನು ಪದ್ದುವಿಗೆ ಇನ್ನೊಮ್ಮೆ ಕೇಳಿಸಲು ಹೋದಳು. ಪದ್ದು ಬೇಡವೆಂದು ತಲೆಯಾಡಿಸಿದಳು. "ನಂಗ್ ಗೊತ್ತಿತ್ತ್ ಅಕ್ಕ. ಸುರುವಿಂದ್ಲೂ ಗೊತ್ತಿತ್ತ್. ಅವ್ರಿಗೆ ಹೇಳಿ ಹೇಳಿ ಸೋತೆ." ಅವಳು ಬೇಲಿಯ ದಣಪೆಯವರೆಗೆ ಜೊತೆಗೆ ಬಂದಳು. ಅಲ್ಲಿ ನಿಂತು, ಯಾರಿಗೂ ಕೇಳಿಸಬಾರದೆಂಬಂತೆ ಮೆಲ್ಲಗೆ, "ಇನ್ನ್ ಬಪ್ಪುದ್ ಬ್ಯಾಡ. ನಿಮ್ ಮೇಲೆ ಬೇಜಾರಿಲ್ಲೆ. ಆರೆ ಆ ಸುದ್ದಿ ಎದ್ದ್ರೆ ಅವ್ರ್ ಮೂರ್ ದಿನ ಉಣ್ತ್ರಿಲ್ಲೆ" ಎಂದಳು.

ಸುಗುಣ ಹೈವೇಗೆ ಬಂದು ದಕ್ಷಿಣದ ಬಸ್ಸಿಗಾಗಿ ನಿಂತಳು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಹೆಂಗಸೊಬ್ಬಳು "ಎಲ್ಲಿಗ್ ಬಂದದ್ದ್ ಅಕ್ಕ? ನೆಂಟ್ರ ಮನಿಗಾ?" ಎಂದು ಕೇಳಿದಳು. ಸುಗುಣ ರಸ್ತೆಯ ಕಡೆಗೆ ತಿರುಗಿದಳು. ಬಸ್ಸು ಬಂತು. ಹತ್ತಿ, ಹಿಂದಿನ ಸೀಟಿನಲ್ಲಿ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.